ಬನ್ನಿ ಎಲೆಯ ಬಂಗಾರ

2011ನೆಯ ಇಸವಿ ಮೇ ತಿಂಗಳ ಕೊನೆಯ ದಿನ ನಾನು ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದೆ. ಅಂದು ಕಾಗದಪತ್ರಗಳಿಗೆ ಸಹಿ ಹಾಕಲೆಂದು ಕಛೇರಿಯ ಪಡಸಾಲೆಯ ಬೆಂಚಿನ ಮೇಲೆ ಕುಳಿತಿದ್ದವರು ನಾವು ಐದು ಜನ. ಮಾತಿಗೆ ಮಾತು ಬೆಳೆದು ಹುಟ್ಟಿದ ದಿನದ ಪ್ರಸ್ತಾಪ ಬಂದಾಗ ನಾಲ್ವರ ಜನ್ಮದಿನವೂ ಜೂನ್ ಒಂದನೆಯ ತಾರೀಖೇ ಎಂದು ತಿಳಿದು ಎಲ್ಲರೂ ನಕ್ಕೆವು. ಇದರಲ್ಲಿ ಜ್ಯೋತಿಷ್ಯದ ಪವಾಡವೇನೂ ಇಲ್ಲ. ಜೂನ್ ತಿಂಗಳ ಮೊದಲಲ್ಲಿ ಶಾಲೆ ತೆರೆಯುತ್ತಿತ್ತು. ಮಗುವನ್ನು ಕೈಹಿಡಿದು ಕರೆತಂದ ತಂದೆಯನ್ನು ಹೆಡ್ಮಾಸ್ತರರು, “ಎಂದು ಹುಟ್ಟಿದ್ದು?” ಎಂದು ಕೇಳುತ್ತಿದ್ದರು. “ದೊಡ್ಡ ಮಳೆಯಾಯಿತಲ್ಲ, ಆ ವರ್ಷ” ಎಂದೋ, “ಮಾರಮ್ಮನ ಜಾತ್ರೆಯ ಮಾರನೆಯ ದಿನ” ಎಂದೋ ಉತ್ತರ ಬರುತ್ತಿತ್ತು. ಮಾಸ್ತರರು ಮಗುವಿನ ಮುಖವನ್ನು ಒಮ್ಮೆ ನೋಡಿ, ಶಾಲೆಗೆ ಸೇರಿಸಲು ಬೇಕಾದ ವಯಸ್ಸನ್ನು ಹಿಂದಕ್ಕೆ ಎಣಿಸಿ, ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು. ಕರ್ನಾಟಕದಲ್ಲಿ ನನ್ನ ವಯಸ್ಸಿನ ಸಾವಿರಾರು ಜನ ಹೀಗೆ ಒಂದೇ ದಿನ ಹುಟ್ಟಿದವರು, ಒಂದೇ ದಿನ ನಿವೃತ್ತರಾದವರು.

ನನ್ನ ಮಟ್ಟಿಗೆ ಮಾಸ್ತರರ ಲೇಖನಿ ಲಾಭವನ್ನೇ ಮಾಡಿತು. ನಾನು ಹುಟ್ಟಿದ್ದು 1951ರ ಸಂಕ್ರಾಂತಿ ಕಳೆದ ನಾಲ್ಕೈದು ದಿನಗಳಿಗೆ. ಸುಗ್ಗಿಯ ರಾಗಿ ಇನ್ನೂ ಕಣದಲ್ಲಿತ್ತು ಎಂದು ಮನೆಯವರು ಹೇಳುತ್ತಿದ್ದರು. ಜೂನ್‌ಗೆ ಸರಿದುದರಿಂದ ನಾಲ್ಕು ತಿಂಗಳ ಸಂಬಳ ಹೆಚ್ಚಾಗಿ ಸಿಕ್ಕಿತು. ಆದರೆ ಮನೆಯಲ್ಲಿ ಈ ಎರಡು ತಾರೀಖುಗಳಲ್ಲಿ ಯಾವುದಕ್ಕೂ ಬೆಲೆಯಿರಲಿಲ್ಲ. ಪುಷ್ಯಮಾಸದಲ್ಲಿ ರೋಹಿಣಿ ನಕ್ಷತ್ರ ಬಂದ ದಿನ ನನ್ನ ಹುಟ್ಟಿದ ಹಬ್ಬ. ಅದು ಒಂದು ವರ್ಷ ಡಿಸೆಂಬರಿಗೆ ಬಂದರೆ ಇನ್ನೊಂದು ವರ್ಷ ಜನವರಿಗೆ. ನಾನೇನೂ ಅದನ್ನು ಲೆಕ್ಕ ಇಟ್ಟವನಲ್ಲ. ಬೆಳಿಗ್ಗೆ ಎದ್ದಾಗ ಬಚ್ಚಲಮನೆಯ ಹಂಡೆಯ ಕೆಳಗೆ ಉರಿ ಜೋರಾಗಿ, ಎಣ್ಣೆಯ ಬಟ್ಟಲು ಬೆಚ್ಚಗಾಗುತ್ತಿದ್ದರೆ ಇಂದು ಮನೆಯಲ್ಲಿ ಯಾರದೋ ನಕ್ಷತ್ರ ಎಂದು ಮಕ್ಕಳಿಗೆ ತಿಳಿಯುತ್ತಿತ್ತು. ಅದು ತನ್ನದೇ ಎಂದು ಗೊತ್ತಾಗುವುದು ಎಣ್ಣೆ ತಲೆಗೆ ಬಿದ್ದ ಮೇಲೆ.

ಹುಟ್ಟಿದ ಹಬ್ಬವನ್ನು ನಮ್ಮ ಹಿರಿಯರು ಆಚರಿಸುತ್ತಲೇ ಇರಲಿಲ್ಲ, ಅದೆಲ್ಲ ಇಂಗ್ಲಿಷರಿಂದ ಬಂದದ್ದು ಎಂದು ಹೇಳುವವರಿದ್ದಾರೆ. ಅದು ನಿಜವಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಪಂಢರಪುರದ ಕಾಶೀನಾಥ ಉಪಾಧ್ಯಾಯರು ಬರೆದ ‘ಧರ್ಮಸಿಂಧು’ವಿನಲ್ಲಿ ವರ್ಧಾಪನವಿಧಿ ಎಂಬ ಹೆಸರಿನಲ್ಲಿ ಅದರ ಕ್ರಮ ಹೇಳಿದೆ. ಮಾರ್ಕಂಡೇಯನನ್ನೂ ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮರೆಂಬ ಏಳು ಮಂದಿ ಚಿರಂಜೀವಿಗಳನ್ನೂ ಪೂಜಿಸಬೇಕು. ಎಳ್ಳು ಬೆಲ್ಲ ಬೆರೆಸಿದ ಹಾಲನ್ನು ಕುಡಿಯಬೇಕು. ಅಂದು ಉಗುರು ಕೂದಲು ಕತ್ತರಿಸಬಾರದು, ಜಗಳವಾಡಬಾರದು. ಖರ್ಚಿನ ದೃಷ್ಟಿಯಿಂದ ನೋಡಿದರೆ ಒಂದು ಲೋಟ ಹಾಲು, ಒಂದು ಚಿಟಿಕೆ ಎಳ್ಳು, ಒಂದು ಉಂಡೆ ಬೆಲ್ಲ. ಜಗಳವಾಡದಿರುವುದೇ ಈ ವಿಧಿಯ ಅತ್ಯಂತ ದುಬಾರಿಯಾದ ಅಂಗವೆಂದು ನನ್ನ ತಂದೆ ಹೇಳುತ್ತಿದ್ದರು. ಶಾಸ್ತ್ರದಲ್ಲಿ ಜನ್ಮದಿನದಂದು ಬಿಸಿನೀರಿನ ಸ್ನಾನಕ್ಕೂ ನಿಷೇಧವಿದೆ. ನಮ್ಮ ಮನೆಯ ಹೆಂಗಸರು ಆ ಮಾತನ್ನು ಮಾತ್ರ ಕಿವಿಗೆ ಹಾಕಿಕೊಂಡವರಲ್ಲ. ಹಂಡೆ ತುಂಬ ಕೊತಕೊತನೆ ಕುದಿಯುವ ನೀರು, ಸೀಗೆಪುಡಿ, ಮೈಗೆ ಹರಳೆಣ್ಣೆ. ಪುಸ್ತಕ ಬರೆದವರು ಪುಷ್ಯಮಾಸದ ಬೆಳಗಿನ ಜಾವ ಮಗುವನ್ನು ಬಚ್ಚಲಲ್ಲಿ ಕೂರಿಸಿ ನೀರು ಹೊಯ್ದವರಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಸ್ನಾನವಾದ ಮೇಲೆ ಹೊಸ ಬಟ್ಟೆಯಿದ್ದರೆ ಅದರ ಅಂಚಿಗೆ ಅರಿಶಿನ ಹಚ್ಚಿ ಕೊಡುತ್ತಿದ್ದರು. ಇಲ್ಲದ ವರ್ಷ ಒಗೆದ ಬಟ್ಟೆಯ ಅಂಚಿಗೇ ಅರಿಶಿನ ಬೀಳುತ್ತಿತ್ತು. ಅರಿಶಿನ ಬಿದ್ದ ಬಟ್ಟೆ ಹೊಸದೇ ಎಂಬುದರಲ್ಲಿ ನಮಗೆ ಸಂಶಯವಿರಲಿಲ್ಲ. ರಂಗೋಲಿಯ ಮೇಲೆ ಮಣೆ, ಮಣೆಯ ಮೇಲೆ ಮಗು, ಹಣೆಗೆ ಕುಂಕುಮ, ತಲೆಗೆ ಅಕ್ಷತೆ. ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಕೆಂಪಾದ ಓಕುಳಿಯ ತಟ್ಟೆಯಿಂದ ಆರತಿ. ಆಮೇಲೆ ಶ್ಯಾವಿಗೆ ಪಾಯಸ. ನಾಲ್ಕಾಣೆಯಲ್ಲಿ ಮುಗಿಯುವ ಹಬ್ಬ. ಅದನ್ನು ನಾಲ್ಕಾಣೆಯದೆಂದು ನಾವು ಎಂದೂ ತಿಳಿದಿರಲಿಲ್ಲ.

ಈ ನಾಲ್ಕಾಣೆಯ ಹಬ್ಬದ ವಂಶವೃಕ್ಷವನ್ನು ಹುಡುಕುತ್ತ ಹೊರಟರೆ ಮಾತ್ರ ನಾವು ಅರಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತೇವೆ. ಮೈಸೂರು ಸಂಸ್ಥಾನದಲ್ಲಿ ಮಹಾರಾಜರ ಹುಟ್ಟಿದ ಹಬ್ಬಕ್ಕೆ ವರ್ಧಂತಿ ಎಂಬ ಹೆಸರು. ನಾಲ್ವಡಿ ಕೃಷ್ಣರಾಜ ಒಡೆಯರು 1884ರ ಜೂನ್ 4ರಂದು ಹುಟ್ಟಿದವರು. ಅವರ ಕಾಲದಲ್ಲಿ ಜೂನ್ ಎಂದರೆ ವರ್ಧಂತಿಯ ತಿಂಗಳು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಆರಂಭಿಸಿದ ಪ್ರಜಾಪ್ರತಿನಿಧಿ ಸಭೆಗೆ ಮುಂದೆ ಎರಡು ಅಧಿವೇಶನಗಳಾದಾಗ ಒಂದಕ್ಕೆ ದಸರೆಯದೆಂದೂ ಇನ್ನೊಂದಕ್ಕೆ ವರ್ಧಂತಿಯದೆಂದೂ ಹೆಸರಾಯಿತು. ರಾಜ್ಯದ ಆಯವ್ಯಯವೂ ರಾಜನ ಹುಟ್ಟಿದ ಹಬ್ಬವೂ ಒಂದೇ ಚಪ್ಪರದಡಿ!

ಇನ್ನೂ ಹಿಂದಕ್ಕೆ ಹೋದರೆ ತುಲಾಭಾರ. ರಾಜನನ್ನು ತಕ್ಕಡಿಯಲ್ಲಿ ಕೂರಿಸಿ, ಅವನ ತೂಕದ ಬಂಗಾರವನ್ನು ದಾನಮಾಡುವ ತುಲಾಪುರುಷದಾನವನ್ನು ಮತ್ಸ್ಯಪುರಾಣ ಹದಿನಾರು ಮಹಾದಾನಗಳ ಸಾಲಿನಲ್ಲಿ ಹೇಳುತ್ತದೆ. ಹಂಪೆಯ ವಿಠ್ಠಲ ದೇವಾಲಯದ ದಾರಿಯಲ್ಲಿ ಎರಡು ಕಂಬಗಳ ಮೇಲೆ ಕಲ್ಲಿನ ತೊಲೆ ಹೊತ್ತು ನಿಂತಿರುವ ಕಮಾನನ್ನು ಇಂದಿಗೂ ರಾಜರ ತಕ್ಕಡಿ ಎಂದೇ ತೋರಿಸುತ್ತಾರೆ. ದೆಹಲಿಯ ಕಡೆಯ ಬಾದಶಹರಿಗೂ ಈ ಪದ್ಧತಿ ಹಿಡಿಸಿತು. ಅಕ್ಬರನನ್ನು ವರ್ಷಕ್ಕೆ ಎರಡು ಸಲ, ಸೌರಮಾನದ ಜನ್ಮದಿನದಂದು ಒಮ್ಮೆ, ಚಾಂದ್ರಮಾನದ ಜನ್ಮದಿನದಂದು ಒಮ್ಮೆ, ತೂಗುತ್ತಿದ್ದರೆಂದು ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ಬರೆದಿದ್ದಾನೆ. ಶಾಲೆಯ ತಾರೀಖಿಗೊಂದು, ನಕ್ಷತ್ರಕ್ಕೊಂದು ಎಂದು ಎರಡೆರಡು ಹುಟ್ಟುಹಬ್ಬ ಮಾಡಿಸಿಕೊಳ್ಳುವ ಇಂದಿನ ಮಕ್ಕಳನ್ನು ನೋಡಿದಾಗ ನನಗೆ ಅಕ್ಬರನ ನೆನಪಾಗುತ್ತದೆ. ರಾಜರ ಆ ತಕ್ಕಡಿ ನಮ್ಮಂಥವರ ಪಾಲಿಗೆ ಬಂದಾಗ ಒಂದು ತಟ್ಟೆಯಲ್ಲಿ ಬಂಗಾರದ ಬದಲು ಬೆಲ್ಲ ಬಂತು. ಕಾಯಿಲೆಯಿಂದ ಎದ್ದ ಮಗುವನ್ನು ಉಡುಪಿಯಲ್ಲೋ ಧರ್ಮಸ್ಥಳದಲ್ಲೋ ಅಕ್ಕಿಗೆ, ತೆಂಗಿನಕಾಯಿಗೆ, ಬಾಳೆಹಣ್ಣಿಗೆ ಸರಿಯಾಗಿ ತೂಗುವುದು ಹರಕೆ. ಮಗು ಚಿಕ್ಕದಿದ್ದಷ್ಟೂ ಹರಕೆ ಅಗ್ಗ. ತಕ್ಕಡಿ ಮೇಲೇಳುವಾಗ ತಾಯಿಯ ಮುಖದಲ್ಲಿ ಕಾಣುವುದು ಬಾದಶಹನ ಬೊಕ್ಕಸಕ್ಕೆ ಸಿಕ್ಕುವಂಥದಲ್ಲ.

ಮಹಾನವಮಿಯ ಕಥೆಯೂ ಹೀಗೆಯೇ. 1520ರ ಸುಮಾರಿಗೆ ಕೃಷ್ಣದೇವರಾಯನ ರಾಜಧಾನಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಒಂಬತ್ತು ದಿನಗಳ ಉತ್ಸವವನ್ನು ವಿವರವಾಗಿ ವರ್ಣಿಸಿದ್ದಾನೆ. ಕುಸ್ತಿ, ಕುಣಿತ, ಬಾಣಬಿರುಸು, ಸಿಂಗರಿಸಿದ ಕುದುರೆ ಆನೆಗಳ ಸಾಲು. ರಾಣಿವಾಸದ ಹೆಂಗಸರು ತೊಟ್ಟ ಚಿನ್ನದ ಭಾರ ಎಷ್ಟಿತ್ತೆಂದರೆ, ಹಲವರ ತೋಳುಗಳನ್ನು ಪಕ್ಕದ ಸೇವಕಿಯರು ಆಸರೆ ಕೊಟ್ಟು ಹಿಡಿದುಕೊಳ್ಳಬೇಕಾಗಿತ್ತಂತೆ. ಈ ಬರವಣಿಗೆಯನ್ನು ರಾಬರ್ಟ್ ಸ್ಯೂಯಲ್ 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಮೇಲೆ ನಮಗೆ ಅದರ ಪರಿಚಯವಾಯಿತು. ವಿಜಯನಗರದ ವೈಭವ ಅಳಿದ ಮೇಲೆ 1610ರಲ್ಲಿ ಶ್ರೀರಂಗಪಟ್ಟಣವನ್ನು ಪಡೆದ ರಾಜ ಒಡೆಯರು ಅಲ್ಲಿ ನವರಾತ್ರಿಯನ್ನು ನಡೆಸಿದರು. 1799ರ ಅನಂತರ ರಾಜಧಾನಿಯೊಂದಿಗೆ ಹಬ್ಬವೂ ಮೈಸೂರಿಗೆ ಬಂತು. ಜಂಬೂಸವಾರಿ ಬನ್ನಿಮಂಟಪಕ್ಕೆ ಹೋಗುವುದು, ಸಿಂಹಾಸನದ ದರ್ಬಾರು, ಇವೆಲ್ಲ ಎಲ್ಲರಿಗೂ ತಿಳಿದ ವಿಷಯ.

ನನ್ನ ಆಸಕ್ತಿ ಇರುವುದು ದರ್ಬಾರಿನಲ್ಲಲ್ಲ. ಅದೇ ಒಂಬತ್ತು ದಿನ ನಮ್ಮ ನಡುಮನೆಯಲ್ಲಿ ನಡೆಯುತ್ತಿದ್ದ ಇನ್ನೊಂದು ದರ್ಬಾರಿನಲ್ಲಿ. ಹಂಪೆಯ ಮಹಾನವಮಿ ದಿಬ್ಬದ ಹಂತಹಂತದ ಗೋಡೆಗಳ ಮೇಲೆ ಆನೆ, ಕುದುರೆ, ಬೇಟೆ, ಕುಣಿತಗಳ ಸಾಲನ್ನು ಕೆತ್ತಿದ್ದಾರೆ. ಮನೆಯ ಗೊಂಬೆಗಳ ಹಂತ ಅಲ್ಲಿಂದಲೇ ಬಂತೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಆ ದಿಬ್ಬದ ಮುಂದೆ ಮೊದಲ ಸಲ ನಿಂತಾಗ, ಸೀಮೆಎಣ್ಣೆಯ ಡಬ್ಬಗಳ ಮೇಲೆ ಹಲಗೆಯಿಟ್ಟು ಬಿಳಿಯ ಪಂಚೆ ಹಾಸುತ್ತಿದ್ದ ನಮ್ಮ ಮನೆಯ ಹಂತಗಳೇ ಕಣ್ಣಿಗೆ ಕಟ್ಟಿದವು. ಮೇಲಿನ ಹಂತದಲ್ಲಿ ಕಲಶ ಮತ್ತು ಪಟ್ಟದ ಗೊಂಬೆಗಳು. ಇವು ಮರದ ರಾಜ ರಾಣಿ. ಮದುವೆಯಲ್ಲಿ ತವರಿನವರು ಮಗಳಿಗೆ ಕೊಟ್ಟು ಕಳಿಸುವ ಜೋಡಿ. ಅವುಗಳ ಕೆಳಗೆ ದೇವರುಗಳು, ಆಮೇಲೆ ಸೈನ್ಯ. ಅದಕ್ಕೂ ಕೆಳಗೆ ಅಕ್ಕಿ ಬೇಳೆಯ ಅಂಗಡಿಯಿಟ್ಟು ಕುಳಿತ ಹೊಟ್ಟೆಯ ಶೆಟ್ಟಿ, ಶೆಟ್ಟಮ್ಮ. ನೆಲದ ಮೇಲೆ ಹದಿನೈದು ದಿನ ಮೊದಲೇ ರಾಗಿ ಚೆಲ್ಲಿ ಬೆಳೆಸಿದ ಹಸಿರು ಹೊಲ, ಅದರಲ್ಲಿ ಚನ್ನಪಟ್ಟಣದ ಅರಗಿನ ಬಣ್ಣದ ಹಸು. ಮೈಸೂರಿನ ಅರಮನೆಯಲ್ಲಿಯೂ ಗೊಂಬೆ ತೊಟ್ಟಿ ಎಂಬ ಭಾಗವಿದೆ. ರಾಜ್ಯವಿದ್ದವರೂ ಗೊಂಬೆ ಕೂರಿಸುತ್ತಿದ್ದರು. ಆದರೆ ನಿಜವಾದ ರಾಜ್ಯವಿಲ್ಲದವರ ಮನೆಯಲ್ಲಿ ಗೊಂಬೆಯ ರಾಜ್ಯಕ್ಕೆ ಹೆಚ್ಚು ಗಾಂಭೀರ್ಯ.

ಸಂಜೆಯಾದರೆ ಬೀದಿಯ ಮಕ್ಕಳ ಗುಂಪು ಬಾಗಿಲಲ್ಲಿ ನಿಂತು, “ಗೊಂಬೆ ಕೂರಿಸಿದ್ದೀರಾ?” ಎಂದು ಕೂಗುತ್ತಿತ್ತು. ಕೂರಿಸಿದ್ದೇವೆಂದರೆ ಒಳಗೆ ಬಂದು, ಹಾಡು ಬಂದವರು ಒಂದು ಹಾಡು ಹೇಳಿ, ಗೊಂಬೆ ಬಾಗಿನ ಪಡೆದು ಮುಂದಿನ ಮನೆಗೆ ಓಡುವುದು. ಬಾಗಿನವೆಂದರೆ ಒಂದು ಹಿಡಿ ಹುರಿಗಡಲೆ, ಕೊಬ್ಬರಿ ಸಕ್ಕರೆ, ಕೋಡುಬಳೆಯ ಚೂರು. ಯಾವ ಮನೆಯಲ್ಲಿ ಏನು ಕೊಡುತ್ತಾರೆಂಬ ಸುದ್ದಿ ತಂತಿಗಿಂತ ವೇಗವಾಗಿ ಹರಡುತ್ತಿತ್ತು. ನಮಗಿಂತ ಹಿಂದಿನ ತಲೆಮಾರಿನಲ್ಲಿ ಕೂಲಿಮಠದ ಅಯ್ಯಗಳು ಮಕ್ಕಳನ್ನು ಸಾಲಾಗಿ ಕರೆದುಕೊಂಡು ಮನೆಮನೆಗೆ ಬಂದು ಮಹಾನವಮಿಯ ಚೌಪದ ಹೇಳಿಸುತ್ತಿದ್ದರು. ಮನೆಯವರು ಅಯ್ಯನವರಿಗೆ ಕಾಸು, ಮಕ್ಕಳಿಗೆ ಪುರಿ ಕಡಲೆ ಕೊಡುವುದು ವಾಡಿಕೆ. ಅಯ್ಯನವರ ವರ್ಷದ ಸಂಬಳದ ಒಂದು ಭಾಗವೇ ಅದಾಗಿತ್ತು. ಕರಾವಳಿಯಲ್ಲಿ ಇದೇ ನವರಾತ್ರಿಯ ಕಾಲಕ್ಕೆ ಹೂವಿನಕೋಲು. ಎಳೆಯ ಹುಡುಗರು ಹೂ ಕಟ್ಟಿದ ಕೋಲು ಹಿಡಿದು ಎದುರುಬದುರು ಕುಳಿತು ಯಕ್ಷಗಾನ ಪ್ರಸಂಗದ ಅರ್ಥ ಹೇಳುವ ಚೆಂದವನ್ನು ಒಮ್ಮೆ ಕಂಡವರು ಮರೆಯಲಾರರು. ಪಾಠಶಾಲೆ ನಡೆದದ್ದೂ, ಮಕ್ಕಳ ನಾಲಗೆ ತಿರುಗಿದ್ದೂ, ಮೇಷ್ಟರ ಒಲೆ ಉರಿದದ್ದೂ ಒಂದೇ ಹಬ್ಬದಿಂದ.

ಇಲ್ಲಿಯವರೆಗೆ ಹೇಳಿದ್ದನ್ನು ಕೇಳಿ, ಈತ ಹಳೆಯದನ್ನೆಲ್ಲ ಹೊಗಳಲು ಕುಳಿತಿದ್ದಾನೆ ಎಂದು ಯಾರಾದರೂ ಅಂದುಕೊಂಡಿದ್ದರೆ ಅದು ಸಹಜ. ಆದರೆ ನಮ್ಮ ಮನೆಯ ಪಟ್ಟದ ಗೊಂಬೆಗಳ ವಿಷಯವನ್ನು ಹೇಳದೆ ಈ ಭಾಷಣವನ್ನು ಮುಗಿಸುವುದು ನನ್ನಿಂದಾಗದು.

ಆ ಜೋಡಿ ನನ್ನ ತಾಯಿಯದಲ್ಲ, ನನ್ನ ಸೋದರತ್ತೆಯದು. ತಂದೆಯ ಅಕ್ಕ. ಅವರಿಗೆ ಒಂಬತ್ತನೆಯ ವಯಸ್ಸಿನಲ್ಲಿ ಮದುವೆಯಾಯಿತು. ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ಮೈಸೂರು ಸಂಸ್ಥಾನ 1894ರಲ್ಲಿಯೇ ಕಾಯಿದೆಯಿಂದ ನಿಷೇಧಿಸಿತ್ತು. ಆ ಲೆಕ್ಕದಲ್ಲಿ ಅತ್ತೆಯ ವಯಸ್ಸು ಒಂದು ವರ್ಷ ಹೆಚ್ಚೇ ಆಗಿತ್ತು. ಹದಿನಾರು ತುಂಬುವುದರೊಳಗೆ ಅವರು ಪಟ್ಟದ ಗೊಂಬೆಗಳನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ತವರಿಗೆ ಮರಳಿದರು. ಹೋಗುವಾಗ ಕೊಟ್ಟ ಉಳಿದ ವಸ್ತುಗಳಲ್ಲಿ ಹಿಂದಕ್ಕೆ ಬಂದದ್ದು ಅಷ್ಟೇ. ಅವರ ಜಾತಕ ಮದುವೆಯ ಮಾತುಕತೆಗೆಂದು ಹೋದದ್ದು ಅಲ್ಲಿಯೇ ಉಳಿಯಿತು.

ಮನೆಯ ಏಳು ಮಕ್ಕಳ ನಕ್ಷತ್ರಗಳೂ ಅತ್ತೆಯ ನಾಲಗೆಯ ತುದಿಯಲ್ಲಿದ್ದವು. ಹಂಡೆಗೆ ಉರಿ ಹಾಕುತ್ತಿದ್ದವರು ಅವರು. ಎಣ್ಣೆ ಕಾಯಿಸಿ ತಲೆಗೆ ತಟ್ಟುತ್ತಿದ್ದವರು ಅವರು. ಶ್ಯಾವಿಗೆ ಹೊಸೆದು ಒಣಗಿಸಿಟ್ಟವರು, ರಾಗಿ ಚೆಲ್ಲಿ ಗೊಂಬೆಯ ಹೊಲ ಬೆಳೆಸಿದವರು, ರಾಣಿಗೆ ಪ್ರತಿವರ್ಷ ಚಿಂದಿಯಿಂದ ಹೊಸ ಸೀರೆ ಉಡಿಸಿದವರು, ಎಲ್ಲವೂ ಅವರೇ. ಆದರೆ ಮಗು ಮಣೆಯ ಮೇಲೆ ಕುಳಿತು ಆರತಿಯ ತಟ್ಟೆ ಸಿದ್ಧವಾದ ಕ್ಷಣ ಅತ್ತೆ ಅಡಿಗೆಮನೆಯ ಬಾಗಿಲ ಹಿಂದಕ್ಕೆ ಸರಿದು ನಿಲ್ಲುತ್ತಿದ್ದರು. ಆರತಿ ಎತ್ತುವುದು ಮುತ್ತೈದೆಯರ ಕೆಲಸ. ಯಾರೂ ಅವರಿಗೆ ‘ಸರಿಯಿರಿ’ ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ನನಗೆ ಹತ್ತು ವರ್ಷವಾದಾಗ ಮಣೆಯ ಮೇಲೆ ಕುಳಿತು ಆ ಬಾಗಿಲ ಕಡೆ ನೋಡಿದ್ದು ನೆನಪಿದೆ. ಸೆರಗಿನ ಒಂದು ತುಣುಕು ಕಾಣುತ್ತಿತ್ತು. ಪಾಯಸ ಯಾವಾಗ ಬರುತ್ತದೋ ಎಂದು ನಾನು ತಟ್ಟೆಯ ಕಡೆ ತಿರುಗಿದೆ.

ರಾಜರ ಹಬ್ಬವನ್ನು ಮನೆಗೆ ಇಳಿಸಿಕೊಂಡಾಗ ನಮ್ಮ ಹಿರಿಯರು ಬಂಗಾರವನ್ನು ಬಿಟ್ಟುಬಂದರು. ಅದು ಅವರ ಕೈಯಲ್ಲಿ ಇರಲೂ ಇಲ್ಲ. ಆದರೆ ದರ್ಬಾರಿನಲ್ಲಿ ಯಾರು ಎಲ್ಲಿ ಕೂರಬೇಕು, ಯಾರು ಬಾಗಿಲಾಚೆ ನಿಲ್ಲಬೇಕು ಎಂಬ ಅಂತಸ್ತಿನ ಲೆಕ್ಕವನ್ನು ಮಾತ್ರ ಜೋಪಾನವಾಗಿ ಕಟ್ಟಿಕೊಂಡು ತಂದರು. ಸಂಕ್ರಾಂತಿಯ ಎಳ್ಳಿನ ತಟ್ಟೆಗಳನ್ನೇ ನೋಡಿ. ಎಳ್ಳು, ಕಡಲೆಕಾಯಿ ಬೀಜ, ಹುರಿಗಡಲೆ, ಹೆಚ್ಚಿದ ಕೊಬ್ಬರಿ, ಹೆಚ್ಚಿದ ಬೆಲ್ಲ. ಮೇಲೆ ಮರದ ಅಚ್ಚಿನಲ್ಲಿ ಎರೆದ ಸಕ್ಕರೆಯ ಗಿಳಿ, ಕುದುರೆ. ಹದಿನೈದು ದಿನ ಮೊದಲೇ ಮಕ್ಕಳೆಲ್ಲ ಕೊಬ್ಬರಿ ಹೆಚ್ಚಲು ಕುಳಿತುಕೊಳ್ಳುತ್ತಿದ್ದರು. ತಿಂದದ್ದೆಷ್ಟು, ಹೆಚ್ಚಿದ್ದೆಷ್ಟು ಎಂಬ ಲೆಕ್ಕ ಅತ್ತೆಗೆ ಮಾತ್ರ ಗೊತ್ತು. ಹಬ್ಬದ ಸಂಜೆ ಹೆಣ್ಣುಮಕ್ಕಳು ಹೊಸ ಲಂಗ ಉಟ್ಟು ತಟ್ಟೆ ಹಿಡಿದು ಎಳ್ಳು ಬೀರಲು ಹೊರಡುತ್ತಿದ್ದರು. ಇಷ್ಟು ಸುಂದರವಾದ, ಇಷ್ಟು ಅಗ್ಗವಾದ ಪದ್ಧತಿ ಇನ್ನೊಂದಿಲ್ಲ. ಆದರೆ ಅಂದು ನನ್ನ ತಂಗಿಯ ತಟ್ಟೆ ನಡೆದ ದಾರಿಯನ್ನು ಕಾಗದದ ಮೇಲೆ ಗೆರೆ ಎಳೆದಿದ್ದರೆ ಅದು ಊರಿನ ನಕ್ಷೆಯಾಗುತ್ತಿರಲಿಲ್ಲ, ನಮ್ಮ ಬೀದಿಯ ನಕ್ಷೆಯಾಗುತ್ತಿತ್ತು. ಎಳ್ಳು ಬೆಳೆದವರ ಕೇರಿ ಕೆರೆಯ ಆಚೆ ಇತ್ತು. ತಟ್ಟೆ ಕೆರೆ ದಾಟಲಿಲ್ಲ. ಅವರ ಪಾಲಿನದು ಮಾರನೆಯ ದಿನ ಹಿತ್ತಲ ಬಾಗಿಲಿನಲ್ಲಿ, ಕೈಗೆ ಕೈ ತಗಲದಂತೆ, ಮೊರಕ್ಕೆ ಸುರಿಯುವುದು.

ಅದೇ ಹಬ್ಬದಲ್ಲಿ ಐದು ವರ್ಷದೊಳಗಿನ ಮಕ್ಕಳ ತಲೆಯ ಮೇಲೆ ಎಲಚಿಹಣ್ಣು, ಕಬ್ಬಿನ ಚೂರು, ಬಿಡಿಕಾಸುಗಳನ್ನು ಬೆರೆಸಿ ಎರೆಯುವ ಸಂಪ್ರದಾಯವೂ ಉಂಟು. ಮಗು ಕಣ್ಣು ಪಿಳಿಪಿಳಿ ಬಿಡುವಾಗ ಸುತ್ತಲಿನ ಹುಡುಗರು ಕಾಸಿಗಾಗಿ ನೆಲಕ್ಕೆ ಬೀಳುವ ಗದ್ದಲ. ಚಕ್ರವರ್ತಿಗಳಿಗೆ ಹೊನ್ನಿನ ಮಳೆ ಸುರಿಸಿದರೆಂದು ಕಾವ್ಯಗಳಲ್ಲಿ ಓದುತ್ತೇವಲ್ಲ, ಆ ಮಳೆ ಇಲ್ಲಿ ಎಲಚಿಹಣ್ಣಾಗಿ ಸುರಿಯುತ್ತದೆ.

ಈಗಿನ ಕೇಕು ಮೇಣದಬತ್ತಿಗಳ ಬಗ್ಗೆ ಒಂದು ಮಾತು. ದೀಪ ಆರಿಸುವುದು ಅಮಂಗಳ, ನಾವು ದೀಪ ಹಚ್ಚುವವರು ಎಂಬ ಆಕ್ಷೇಪವನ್ನು ನಾನು ನೂರು ಸಲ ಕೇಳಿದ್ದೇನೆ. ಮಗುವಿನ ವಯಸ್ಸಿಗೆ ತಕ್ಕಂತೆ ಬತ್ತಿ ಹಚ್ಚುವ ಈ ಪದ್ಧತಿ ಜರ್ಮನಿಯಲ್ಲಿ ಬೆಳೆದದ್ದು. ಅದರಲ್ಲಿ ಒಂದು ಗುಣವನ್ನಂತೂ ನಾನು ಕಂಡಿದ್ದೇನೆ. ಕೇಕಿನ ಸುತ್ತ ಯಾರು ಬೇಕಾದರೂ ನಿಲ್ಲಬಹುದು.

1982ರಲ್ಲಿ ನನ್ನ ಮಗಳ ಮೊದಲನೆಯ ಹುಟ್ಟಿದ ಹಬ್ಬ ಬಂತು. ತಾಯಿ ಆಗ ತೀರಿಕೊಂಡಿದ್ದರು. ನಾನು ಓದಿದವನು, ಊರೂರು ತಿರುಗಿ ಸಮಾಜ ಸುಧಾರಣೆಯ ಭಾಷಣ ಕೇಳಿದವನು. ಬಹಳ ದಿನಗಳಿಂದ ಮನಸ್ಸಿನಲ್ಲಿ ಇಟ್ಟುಕೊಂಡದ್ದನ್ನು ಅಂದು ಎಲ್ಲರೆದುರಿಗೆ ಹೇಳಿದೆ: “ಅತ್ತೆ, ಈ ಸಲ ಆರತಿ ನೀವೇ ಎತ್ತಬೇಕು.” ಮನೆ ತುಂಬ ನೆಂಟರಿದ್ದರು. ಅತ್ತೆಯ ಮುಖ ಬಿಳಿಚಿಕೊಂಡಿತು. “ಬೇಡಪ್ಪ, ಮಗು ಚೆನ್ನಾಗಿರಲಿ” ಎಂದಷ್ಟೇ ಹೇಳಿ ಒಳಗೆ ಹೋದರು. ನಾನು ಅವರಿಗೆ ಗೌರವ ಕೊಡುತ್ತಿದ್ದೇನೆಂದು ತಿಳಿದಿದ್ದೆ. ಅವರಿಗಾದರೋ, ಆ ಮಗುವಿಗೆ ತಮ್ಮ ಕೈಯಿಂದ ಏನಾದರೂ ಕೆಡುಕಾದೀತೆಂಬ ಹೆದರಿಕೆ ಐವತ್ತು ವರ್ಷಗಳಿಂದ ಎದೆಯಲ್ಲಿ ಬೇರುಬಿಟ್ಟಿತ್ತು. ಅದನ್ನು ನಾನು ನೆಂಟರ ನಡುವೆ ನಿಂತು ಒಂದು ಮಾತಿನಿಂದ ಕೀಳಲು ಹೋಗಿದ್ದೆ. ಯಾರೋ ಪಕ್ಕದ ಮನೆಯವರು ಆರತಿ ಎತ್ತಿದರು. ಸಂಜೆ ಎಲ್ಲರೂ ಹೋದ ಮೇಲೆ ಅತ್ತೆ ಮಗುವನ್ನು ಹಿತ್ತಲಿಗೆ ಕರೆದೊಯ್ದು, ಎಂದಿನಂತೆ ಒಂದು ಹಿಡಿ ಉಪ್ಪು, ಎರಡು ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ ದೃಷ್ಟಿ ತೆಗೆದರು. ಆ ಕೆಲಸಕ್ಕೆ ಮುತ್ತೈದೆಯೇ ಆಗಬೇಕೆಂಬ ನಿಯಮವಿರಲಿಲ್ಲ. ನಮ್ಮ ಮನೆಯ ಪ್ರತಿಯೊಂದು ಮಗುವಿನ ಹುಟ್ಟಿದ ಹಬ್ಬದ ಸಂಜೆಯೂ ಅವರು ಅದನ್ನು ಮಾಡಿದ್ದರು. ನಾನು ಅದನ್ನು ಹಬ್ಬದ ಭಾಗವೆಂದು ಎಂದೂ ಎಣಿಸಿರಲಿಲ್ಲ.

ಆ ವರ್ಷದ ದಸರೆಗೆ ನನ್ನ ಮಾವನವರು ನಮ್ಮ ಮನೆಗೆ ಬಂದರು. ನನ್ನ ಹೆಂಡತಿಯ ತವರು ಧಾರವಾಡದ ಕಡೆಯ ಒಂದು ಹಳ್ಳಿ. ಆ ಸೀಮೆಯ ಮಕ್ಕಳ ಹಬ್ಬಗಳೇ ಬೇರೆ. ಕಾರಹುಣ್ಣಿಮೆಗೆ ಎತ್ತುಗಳಿಗೆ ಬಣ್ಣ ಬಳಿದು ಮೆರೆಸಿದರೆ, ಅದರ ಹಿಂದೆಯೇ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಎರೆಮಣ್ಣು ತಂದು ಜೋಡೆತ್ತು ಮಾಡಿ ಪೂಜಿಸುತ್ತಾರೆ. ಕೊಟ್ಟಿಗೆಯಲ್ಲಿ ಎತ್ತಿಲ್ಲದ ಮನೆಯ ಮಗುವಿಗೂ ಅಂದು ಒಂದು ಜೋಡಿ ಎತ್ತು. ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರು ಮಣ್ಣಿನ ಗುಳ್ಳವ್ವನನ್ನು ಮಾಡುತ್ತಾರೆ. ಪಂಚಮಿಗೆ ಜೋಕಾಲಿ, ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ. ಮಾವನವರು ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದವರು. ಇವೆಲ್ಲವನ್ನೂ ಅವರು ಹೇಳುವಾಗ ಕೇಳಬೇಕು.

ವಿಜಯದಶಮಿಯಂದು ಬನ್ನಿಯನ್ನು ಪೂಜಿಸುವುದು ನಮ್ಮಲ್ಲಿಯೂ ಉಂಟು. ಪಾಂಡವರು ಅಜ್ಞಾತವಾಸದಲ್ಲಿ ಆಯುಧಗಳನ್ನು ಶಮೀವೃಕ್ಷದಲ್ಲಿ ಅಡಗಿಸಿಟ್ಟ ಕಥೆ ಯಾರಿಗೆ ತಿಳಿಯದು? ಆದರೆ ಎಲೆಯನ್ನು ಬಂಗಾರವೆಂದು ಕರೆದು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವ ಸಡಗರ ನಮ್ಮ ಮನೆಯಲ್ಲಿ ಇರಲಿಲ್ಲ. ಉತ್ತರ ಕರ್ನಾಟಕದಲ್ಲಿ ಅದೇ ಹಬ್ಬದ ಜೀವಾಳ. ಮಹಾರಾಷ್ಟ್ರದಲ್ಲಿ ಆಪ್ಟಾ ಎಂಬ ಮರದ ಎಲೆಯನ್ನು ಹೀಗೆಯೇ ಚಿನ್ನವೆಂದು ಹಂಚುತ್ತಾರೆ. ಇದಕ್ಕೆ ಹೇಳುವ ಕಥೆ ರಘು ಮಹಾರಾಜನದು. ಕೌತ್ಸನೆಂಬ ಶಿಷ್ಯ ಗುರುದಕ್ಷಿಣೆಗಾಗಿ ಹದಿನಾಲ್ಕು ಕೋಟಿ ಹೊನ್ನು ಬೇಡಿ ಬಂದಾಗ, ಎಲ್ಲವನ್ನೂ ದಾನ ಮಾಡಿ ಬರಿಗೈಯಾಗಿದ್ದ ರಘು ಕುಬೇರನ ಮೇಲೆ ದಂಡೆತ್ತಿ ಹೊರಡಲು ಸಿದ್ಧನಾದ. ಕುಬೇರ ಹೊನ್ನಿನ ಮಳೆ ಸುರಿಸಿದ. ಕಾಳಿದಾಸನ ‘ರಘುವಂಶ’ದಲ್ಲಿ ಆ ಹೊನ್ನು ಬಿದ್ದದ್ದು ರಾಜನ ಭಂಡಾರದಲ್ಲಿ. ಜನರು ಹೇಳುವ ಕಥೆಯಲ್ಲಿ ಅದು ಬಿದ್ದದ್ದು ಊರ ಹೊರಗಿನ ಮರದ ಮೇಲೆ. ಕವಿ ರಾಜನ ಬೀಗದೊಳಗೆ ಇಟ್ಟದ್ದನ್ನು ಜನ ಎಲ್ಲರ ಕೈಗೆಟಕುವ ಕೊಂಬೆಗೆ ತಂದು ತೂಗುಹಾಕಿದ್ದಾರೆ. ನನಗೆ ಈ ತಿದ್ದುಪಡಿ ಬಹಳ ಇಷ್ಟ.

ಅಂದು ಸಂಜೆ ಮಾವನವರು ಊರಾಚೆಯಿಂದ ಒಂದು ಚೀಲ ಬನ್ನಿ ಎಲೆ ಕಿತ್ತು ತಂದರು. ಕೈಕಾಲು ತೊಳೆದು ಒಳಗೆ ಬಂದವರು ಮೊದಲು ನನ್ನ ತಂದೆಯ ಕಡೆ ಹೋಗುತ್ತಾರೆಂದು ನಾವೆಲ್ಲ ಅಂದುಕೊಂಡಿದ್ದೆವು. ಅವರು ನೇರವಾಗಿ ಅಡಿಗೆಮನೆಯ ಬಾಗಿಲಿಗೆ ಹೋದರು. ಮನೆಗೆ ಹಿರಿಯರು ಅತ್ತೆ. ಅವರ ಕಡೆಯ ಲೆಕ್ಕದಲ್ಲಿ ಅಷ್ಟೇ ಸಾಕು. “ಅಕ್ಕಾರ, ಬನ್ನಿ ತಗೋರಿ, ಬಂಗಾರದ್ಹಂಗ ಇರೋಣ್ರಿ” ಎಂದು ಎರಡು ಕೈಯಿಂದಲೂ ಎಲೆ ನೀಡಿ, ಬಾಗಿ ನಮಸ್ಕರ ಮಾಡಿದರು. ಅವರ ಹಿಂದೆ ನನ್ನ ಹೆಂಡತಿ ಕೊಟ್ಟಳು. ಮಗುವಿನ ಮುಷ್ಟಿಯಲ್ಲಿ ನಾಲ್ಕು ಎಲೆ ಹಿಡಿಸಿ ಅದರ ಕೈಯಿಂದಲೂ ಕೊಡಿಸಿದಳು. ಹಬ್ಬದ ದಿನ ತಮಗೆ ಮೊದಲು ಏನನ್ನಾದರೂ ಕೊಟ್ಟವರನ್ನು ಅತ್ತೆ ಅದಕ್ಕೆ ಮುಂಚೆ ಕಂಡಿರಲಿಕ್ಕಿಲ್ಲ. ಏನು ಹೇಳಬೇಕೆಂದು ತಿಳಿಯದೆ, “ನಾನೇನು ಕೊಡಲಿ?” ಎಂದರು. “ಅದರಾಗಿಂದ ಎರಡು ಎಲಿ ಹೊಳ್ಳಿ ಕೊಡ್ರಿ, ಮುಗೀತು” ಎಂದರು ಮಾವನವರು. ಅತ್ತೆ ಕೊಟ್ಟರು. ಅವರಿಗೆ, ಹೆಂಡತಿಗೆ, ಮಗುವಿಗೆ, ತಮ್ಮನಿಗೆ, ಕೊನೆಗೆ ನನಗೆ. ಅವರ ಕೈಯಿಂದ ಮಂಗಳದ ವಸ್ತುವನ್ನು ಹಬ್ಬದ ದಿನ ನಡುಮನೆಯಲ್ಲಿ ನಿಂತು ನಾನು ಪಡೆದದ್ದು ಅದೇ ಮೊದಲು. ನನಗಾಗ ಮೂವತ್ತೊಂದು ವರ್ಷ.

ಅತ್ತೆ 1991ರಲ್ಲಿ ತೀರಿಕೊಂಡರು. ಮರಣದ ದಾಖಲೆಗೆ ವಯಸ್ಸು ಬರೆಸಬೇಕಾಯಿತು. ಜನನ ಮರಣ ನೋಂದಣಿಯ ಕಾಯಿದೆ 1969ರಷ್ಟು ಹಿಂದೆಯೇ ಬಂದಿತ್ತಾದರೂ ಅವರು ಹುಟ್ಟಿದ್ದನ್ನು ಯಾರೂ ಎಲ್ಲಿಯೂ ಬರೆಸಿರಲಿಲ್ಲ. ಎಷ್ಟು ವರ್ಷವೆಂದು ಗುಮಾಸ್ತರು ಕೇಳಿದಾಗ ತಂದೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಸುಮಾರು ಎಪ್ಪತ್ತೈದು ಎಂದು ಬರೆಸಿದೆವು. ಏಳು ಮಕ್ಕಳ ನಕ್ಷತ್ರ ನೆನಪಿಟ್ಟುಕೊಂಡಿದ್ದವರಿಗೆ ತಮ್ಮದು ನೆನಪಿರದೆ ಇರುತ್ತದೆಯೇ? ನಾವು ಕೇಳಿರಲಿಲ್ಲ.

ಪಟ್ಟದ ಗೊಂಬೆಗಳು ಈಗ ನನ್ನ ಮನೆಯಲ್ಲಿವೆ. ರಾಣಿಯ ಮೂಗು ಸವೆದಿದೆ, ರಾಜನ ಒಂದು ತೋಳಿಗೆ ಅಂಟು ಹಾಕಿಸಿದ್ದೇನೆ. ಪ್ರತಿವರ್ಷ ದಶಮಿಯ ಸಂಜೆ ಅವುಗಳನ್ನು ಮಲಗಿಸುವ ಮುನ್ನ ಮೊಮ್ಮಕ್ಕಳು ಬನ್ನಿ ಎಲೆ ಹಿಡಿದು ಮನೆಯಲ್ಲಿದ್ದವರಿಗೆಲ್ಲ ಕೊಡುತ್ತಾರೆ. ಪಾತ್ರೆ ತೊಳೆಯಲು ಬರುವ ಹೆಂಗಸಿಗೂ, ಅವಳ ಜೊತೆಯಲ್ಲಿ ಬರುವ ಹುಡುಗನಿಗೂ. ಕಳೆದ ವರ್ಷ ಆ ಹುಡುಗ ತನ್ನ ಪಾಲಿನ ಎಲೆಗಳನ್ನು ಶೆಟ್ಟಿಯ ಅಂಗಡಿಯ ತಕ್ಕಡಿಯಲ್ಲಿಟ್ಟು, ಇದಕ್ಕೆ ಎಷ್ಟು ಅಕ್ಕಿ ಬರುತ್ತದೆಂದು ಕೇಳಿದ. ಮೊಮ್ಮಗಳು ಅಂಗಡಿಯಲ್ಲಿದ್ದ ಅಕ್ಕಿಯನ್ನೆಲ್ಲ ಅಳೆದುಕೊಟ್ಟಳು.